ವರ್ಷದ ಜೋಳವೋ, ವಾರದ ಸಂತೆಯೋ: ಮನೆ ಖರ್ಚನ್ನು ಎಲ್ಲಿಂದ ಹಿಡಿಯಬೇಕು?

ಮನೆ ಖರ್ಚು ಕಡಿಮೆ ಮಾಡೋದು ಹೇಗೆ ಅಂತ ಕೇಳಿದರೆ ಸಲಹೆಗಳಿಗೇನೂ ಬರ ಇಲ್ಲ. ವರ್ಷದ ಜೋಳ ಒಮ್ಮೆಲೇ ತುಂಬಿಡಿ ಅಂತ ಅತ್ತೆ ಹೇಳುತ್ತಾರೆ. ದುಡ್ಡನ್ನು ಚೀಲದಲ್ಲಿ ಯಾಕೆ ಕಟ್ಟಿಡ್ತೀರಿ, ವಾರ ವಾರ ಸಂತೆ ಮಾಡಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಗೀಸರ್ ಬಿಟ್ಟು ಹಂಡೆ ಇಡಿ, ಫ್ಯಾನ್ ಬದಲಿಸಿ, ಭಿಶಿ (ಓಣಿಯವರ ಕೈ ಚೀಟಿ) ಸೇರಿ. ಒಂದೊಂದೂ ಕೇಳಲು ಸರಿಯಾಗಿಯೇ ಇದೆ. ಆದರೆ ಎಲ್ಲವನ್ನೂ ಒಂದೇ ತಿಂಗಳಲ್ಲಿ ಮಾಡಲು ಹೊರಟವರು ಮುಂದಿನ ತಿಂಗಳು ಒಂದನ್ನೂ ಮಾಡುವುದಿಲ್ಲ. ನಿಮ್ಮ ಮನೆಗೆ ಯಾವುದು ಮೊದಲು, ಯಾವುದು ಬೇಡವೇ ಬೇಡ ಅನ್ನೋದನ್ನು ನೋಡೋಣ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಮನೆಗಳನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಯಾವುದೇ ಅಭ್ಯಾಸ ಇರಲಿ, ನಾನು ನಾಲ್ಕು ಸಂಗತಿ ಕೇಳುತ್ತೇನೆ. ಮೊದಲಿಗೆ ಕೈಯಿಂದ ಎಷ್ಟು ದುಡ್ಡು ಹಾಕಬೇಕು? ಇಡಲು ಜಾಗ ಇದೆಯಾ? ಯಾರ ಕೆಲಸ ಜಾಸ್ತಿ ಆಗುತ್ತದೆ? ಉಳಿದದ್ದು ನಿಜವಾಗಿ ರೂಪಾಯಿಯಾಗಿ ಕೈಗೆ ಬರುತ್ತದಾ, ಇಲ್ಲ ಉಳಿಸಿದೆವು ಅನ್ನುವ ಸಮಾಧಾನ ಅಷ್ಟೇನಾ? ಇದರಲ್ಲಿ ಮೂರನೆಯದನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮನೆಯ ಹೆಣ್ಣುಮಕ್ಕಳು ದಿನಕ್ಕೆ ಎರಡು ತಾಸು ಹೆಚ್ಚು ದುಡಿದು ಉಳಿಸಿದ ದುಡ್ಡನ್ನು ಯಜಮಾನರು ಉಳಿತಾಯ ಅಂತ ಕರೆಯುತ್ತಾರೆ. ಅದು ಪಗಾರ ಇಲ್ಲದ ದುಡಿಮೆ. ಅದನ್ನೂ ಖರ್ಚಿನ ಕಡೆಗೇ ಬರೆದುಕೊಳ್ಳಬೇಕು.

ಜೋಳ: ವರ್ಷಕ್ಕೊಮ್ಮೆ, ಮೂರು ತಿಂಗಳಿಗೊಮ್ಮೆ, ತಿಂಗಳಿಗೊಮ್ಮೆ

ನಮ್ಮ ಕಡೆ ಅಡುಗೆಮನೆಯ ದೊಡ್ಡ ಲೆಕ್ಕ ಅಂದರೆ ಜೋಳವೇ. ಒಂದು ರೊಟ್ಟಿಗೆ ಸುಮಾರು 50 ಗ್ರಾಂ ಹಿಟ್ಟು ಹಿಡಿಯಿರಿ. ಐದು ಜನ, ಹೊತ್ತಿಗೆ ಎರಡರಂತೆ ಎರಡು ಹೊತ್ತು ತಿಂದರೆ ದಿನಕ್ಕೆ 20 ರೊಟ್ಟಿ, ಅಂದರೆ ಒಂದು ಕಿಲೋ ಹಿಟ್ಟು. ವರ್ಷಕ್ಕೆ ಮೂರೂವರೆ ಕ್ವಿಂಟಲ್ ದಾಟುತ್ತದೆ. ರಾತ್ರಿ ಅನ್ನ, ಚಪಾತಿ ಮಾಡುವ ಮನೆಯಾದರೆ ಇದರ ಅರ್ಧ ಸಾಕು. ನಿಮ್ಮ ಮನೆಯ ಲೆಕ್ಕ ಮೊದಲು ಹೀಗೆ ಹಾಕಿಕೊಳ್ಳಿ. ಎಷ್ಟೋ ಜನ ಅಂದಾಜಿಗೆ ಚೀಲ ತಂದು, ಮುಂದಿನ ಸುಗ್ಗಿ ಬಂದರೂ ಹಳೆಯ ಜೋಳ ತಿನ್ನುತ್ತಿರುತ್ತಾರೆ.

ಹಿಂಗಾರಿ ಜೋಳದ ರಾಶಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಆಗುತ್ತದೆ. ಮಾರುಕಟ್ಟೆಗೆ ಮಾಲು ಜಾಸ್ತಿ ಬರುವ ಕಾಲ ಅದು. ಸಾಮಾನ್ಯವಾಗಿ ಆಗ ದರ ಇಳಿದಿರುತ್ತದೆ, ಆರಿಸಿಕೊಳ್ಳಲು ಹೊಸ ಕಾಳೂ ಸಿಗುತ್ತದೆ. ಅದರಲ್ಲೂ ಮಾಲದಂಡಿ ಬಿಳಿಜೋಳ ಬೇಕು ಅನ್ನುವವರು ಆಗಲೇ ಕೊಳ್ಳಬೇಕು. ಮುಂಗಾರಿನ ಹೈಬ್ರಿಡ್ ಜೋಳ ಅಗ್ಗ ನಿಜ. ಆದರೆ ಕಾಳು ಕಟ್ಟುವಾಗ ಮಳೆ ಹಿಡಿದರೆ ಕಪ್ಪಾಗುತ್ತದೆ, ರೊಟ್ಟಿಗೂ ಆ ರುಚಿ ಬರುವುದಿಲ್ಲ. ರೊಟ್ಟಿ ಮೆತ್ತಗಿಲ್ಲ ಅಂತ ಮನೆಯವರು ಅರ್ಧ ತಿಂದು ಬಿಟ್ಟರೆ ಅಗ್ಗದ ಜೋಳ ತಂದು ಏನು ಬಂತು?

ವರ್ಷದ ಜೋಳ ಯಾರಿಗೆ ಸರಿ? ಕೈಯಲ್ಲಿ ಸ್ವಂತ ದುಡ್ಡು ಇರುವವರಿಗೆ, ಒಣಗಿದ ಒಂದು ಕೋಣೆ ಇರುವವರಿಗೆ. ಸಾಲ ಮಾಡಿ ತುಂಬಿಡುವುದು ಬೇಡ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅಂದರೆ ಕೇಳಲು ಸಣ್ಣದು, ವರ್ಷಕ್ಕೆ 24 ಆಯಿತು. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ತೀರಿಸಿದರೂ ನೂರಕ್ಕೆ 13 ರೂಪಾಯಿ ಹತ್ತಿರ ಹೋಗುತ್ತದೆ. ಅದರ ಮೇಲೆ ಹಮಾಲಿ, ಟಂಟಂ ಬಾಡಿಗೆ. ಮಳೆಗಾಲದಲ್ಲಿ ಜೋಳದ ದರ ಅಷ್ಟು ಏರದೇ ಇದ್ದರೆ ನೀವು ಉಳಿಸಿದ್ದು ಸಾಲ ಕೊಟ್ಟವರಿಗಾಗಿ.

ಇನ್ನು ನುಸಿ. ಕಾಳನ್ನು ಎರಡು ಮೂರು ದಿನ ಒಳ್ಳೆಯ ಬಿಸಿಲಿಗೆ ಹಾಕಿ. ಹಲ್ಲಲ್ಲಿ ಕಡಿದರೆ ಕಟ್ ಅಂತ ಸಪ್ಪಳ ಬರಬೇಕು. ಪೂರ್ತಿ ಆರಿದ ಮೇಲೆ ತುಂಬಿ, ನಡುನಡುವೆ ಒಣಗಿದ ಬೇವಿನ ಎಲೆ ಹಾಕಿ. ಚೀಲವನ್ನು ನೆಲದ ಮೇಲೆ, ಗೋಡೆಗೆ ಆನಿಸಿ ಇಡಬೇಡಿ. ಕೆಳಗೆ ಹಲಗೆ ಇರಲಿ. ಬಿಗಿ ಮುಚ್ಚಳದ ತಗಡಿನ ಡ್ರಮ್ ಇದ್ದರೆ ಇನ್ನೂ ಒಳ್ಳೆಯದು. ಹಳೆಯ ಮನೆಗಳಲ್ಲಿ ಕಾಳು ತುಂಬಿಡುವ ನೆಲದೊಳಗಿನ ಹಗೇವು ಇರುತ್ತಿತ್ತು, ಈಗ ಬಾಡಿಗೆ ಮನೆಯಲ್ಲಿ ಚೀಲ ಇಡಲೂ ಮಾಲೀಕರ ಮುಖ ನೋಡಬೇಕು. ಬೆಳಗಾವಿಯವರಿಗೆ ಒಂದು ಎಚ್ಚರಿಕೆ. ನಿಮ್ಮ ಮಳೆಗಾಲದ ತೇವಕ್ಕೆ ಕಾಳು ಬೇಗ ಕೆಡುತ್ತದೆ. ವಿಜಯಪುರದ ಒಣ ಹವೆಯಲ್ಲಿ ನಡೆದದ್ದು ಅಲ್ಲಿ ನಡೆಯುತ್ತದೆ ಅಂತ ಹೇಳಲು ಆಗುವುದಿಲ್ಲ.

ಸಣ್ಣ ಕುಟುಂಬಕ್ಕೆ, ಬಾಡಿಗೆ ಮನೆಯವರಿಗೆ ನನ್ನ ಓಟು ಮೂರು ತಿಂಗಳ ಲೆಕ್ಕಕ್ಕೆ. ಇಲ್ಲವೇ ಎರಡು ಮನೆ ಸೇರಿ ಒಂದು ಕ್ವಿಂಟಲ್ ತಂದು ಹಂಚಿಕೊಳ್ಳಿ. ದರದ ಲಾಭ ಸ್ವಲ್ಪ ಕಡಿಮೆ ಆಗುತ್ತದೆ, ನುಸಿಯ ಭಯವೂ ಕಡಿಮೆ. ತಿಂಗಳಿಗೊಮ್ಮೆ ಕಿರಾಣಿ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ತರುವುದು ಎಲ್ಲಕ್ಕಿಂತ ತುಟ್ಟಿ. ಆದರೆ ಒಬ್ಬರೇ, ಇಬ್ಬರೇ ಇರುವ ಮನೆಗೆ ಅದೇ ಸರಿ. ಪ್ಯಾಕೆಟ್ ಹಿಟ್ಟು ಮಾತ್ರ ಬೇಡ. ಜೋಳದ ಹಿಟ್ಟು ಹಳೆಯದಾದಂತೆ ಜಿಗಿ ಬಿಡುತ್ತದೆ, ರೊಟ್ಟಿ ಬಡಿಯುವಾಗಲೇ ಅಂಚು ಸೀಳುತ್ತದೆ. ಹತ್ತು ಹದಿನೈದು ದಿನಕ್ಕೆ ಆಗುವಷ್ಟೇ ಗಿರಣಿಗೆ ಹಾಕಿಸಿ. ಮನೆಗೇ ಸಣ್ಣ ಗಿರಣಿ ತರುವ ಆಸೆ ಕೆಲವರಿಗೆ ಇದೆ. ಐದು ಜನರ ಮನೆಯ ಬೀಸುವ ಕೂಲಿಯಲ್ಲಿ ಅದರ ದುಡ್ಡು ಹುಟ್ಟಲು ಬಹಳ ವರ್ಷ ಬೇಕು. ಓಣಿಯವರ ಹಿಟ್ಟೂ ಬೀಸಿಕೊಟ್ಟು ದುಡಿಯುವ ಮನಸ್ಸಿದ್ದರೆ ಅದು ಬೇರೆ ಮಾತು.

ಬೇರೆ ಸಾಮಾನಿಗೂ ಇದೇ ಲೆಕ್ಕ ಹಾಕಬೇಡಿ. ತೊಗರಿ ಡಿಸೆಂಬರ್, ಜನವರಿಯಲ್ಲಿ ಹೊಸದು ಬರುತ್ತದೆ, ಆಗ ಆರು ತಿಂಗಳದ್ದು ತಂದರೆ ಸಾಕು. ಮೆಣಸಿನಕಾಯಿ ಬೇಸಿಗೆಯಲ್ಲಿ ಒಣಗಿಸಿ ಖಾರ ಕುಟ್ಟಿಸಿದರೆ ವರ್ಷ ಬಾಳುತ್ತದೆ. ಬೆಲ್ಲ ಕಬ್ಬು ಅರೆಯುವ ಕಾಲದಲ್ಲಿ ಮುಧೋಳ, ಮಹಾಲಿಂಗಪುರ ಕಡೆ ಚೆನ್ನಾಗಿ ಸಿಗುತ್ತದೆ. ಆದರೆ ಮಳೆ ಬಿದ್ದ ಕೂಡಲೇ ನೀರು ಬಿಡುತ್ತದೆ, ಜಾಸ್ತಿ ತರಬೇಡಿ. ಲಿಂಬೆ ಬೇಸಿಗೆಯಲ್ಲಿ ಮುಟ್ಟೋ ಹಾಗಿರೋದಿಲ್ಲ. ಅಗ್ಗ ಇದ್ದಾಗ ಉಪ್ಪಿನಕಾಯಿ ಹಾಕಿ ಮುಗಿಸಿಬಿಡಿ. ಎಣ್ಣೆಯನ್ನಂತೂ ವರ್ಷಕ್ಕೆ ತುಂಬಿಡಲೇ ಬಾರದು, ಕಮಟು ಹಿಡಿಯುತ್ತದೆ.

ರೊಟ್ಟಿ ಬಡಿಯುವುದಾ, ಕೊಳ್ಳುವುದಾ

ಈ ಪ್ರಶ್ನೆಗೆ ಹಿರಿಯರು ಸಿಟ್ಟಾಗುತ್ತಾರೆ. "ರೊಟ್ಟಿನೂ ಕೊಂಡು ತಿಂತೀರೇನವ್ವಾ?" ಅಂತ. ಸಿಟ್ಟು ಆಮೇಲೆ, ಲೆಕ್ಕ ಮೊದಲು.

ಮನೆಯಲ್ಲಿ 20 ರೊಟ್ಟಿ ಬಡಿದು ಬೇಯಿಸಲು ಒಂದು ತಾಸು ಹಿಡಿಯುತ್ತದೆ. ಗ್ಯಾಸಿನ ದೊಡ್ಡ ಒಲೆ ಜೋರಾಗಿ ಉರಿದರೆ ತಾಸಿಗೆ ಸುಮಾರು 150ರಿಂದ 200 ಗ್ರಾಂ ಗ್ಯಾಸ್ ಬೇಕು. ತಿಂಗಳಿಗೆ ನಾಲ್ಕೂವರೆಯಿಂದ ಆರು ಕಿಲೋ. 14.2 ಕಿಲೋ ಸಿಲಿಂಡರ್‌ನಲ್ಲಿ ಮೂರನೇ ಒಂದು ಭಾಗ, ಇಲ್ಲವೇ ಅದಕ್ಕಿಂತ ಜಾಸ್ತಿ ರೊಟ್ಟಿಗೇ ಹೋಯಿತು ಅಂತಾಯಿತು. ಜೋಳದ ದರ, ಬೀಸುವ ಕೂಲಿ, ಈ ಗ್ಯಾಸು ಸೇರಿಸಿ ಒಂದು ರೊಟ್ಟಿಗೆ ಎಷ್ಟು ಬಿತ್ತು ನೋಡಿ. ನಿಮ್ಮ ಓಣಿಯಲ್ಲಿ ರೊಟ್ಟಿ ಮಾರುವ ಅಕ್ಕನ ದರ ಪಕ್ಕಕ್ಕೆ ಇಡಿ. ಕೊಂಡದ್ದೇ ತುಟ್ಟಿ ಅಂತ ಬರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆ ವ್ಯತ್ಯಾಸವೇ ನಿಮ್ಮ ಮನೆಯ ರೊಟ್ಟಿ ಬಡಿಯುವವರ ಒಂದು ತಾಸಿನ ಕೂಲಿ.

ಈಗ ನಿರ್ಧಾರ ಸುಲಭ. ಹೊಲಿಗೆ ಮಾಡುವವರು, ಟ್ಯೂಷನ್ ಹೇಳುವವರು, ಕೆಲಸಕ್ಕೆ ಹೋಗುವವರು ಆ ಒಂದು ತಾಸಿನಲ್ಲಿ ಅದಕ್ಕಿಂತ ಜಾಸ್ತಿ ದುಡಿಯಬಹುದಾದರೆ ರೊಟ್ಟಿ ಕೊಳ್ಳುವುದೇ ಉಳಿತಾಯ. ಹಾಗೆ ದುಡಿಯುವ ದಾರಿ ಇಲ್ಲದಿದ್ದರೆ ಬಡಿಯುವುದೇ ಮೇಲು. ನಡುವಿನ ದಾರಿಯೂ ಇದೆ. ವಾರಕ್ಕೆ ಎರಡು ಸಲ ಕೂತು ಖಡಕ್ ರೊಟ್ಟಿ ಮಾಡಿಟ್ಟರೆ ದಿನಾ ಬೆಳಗಿನ ಗಡಿಬಿಡಿ ತಪ್ಪುತ್ತದೆ. ಇದರಿಂದ ಗ್ಯಾಸ್ ಉಳಿಯುತ್ತದೆ ಅಂತ ಕೆಲವರು ಹೇಳುತ್ತಾರೆ, ಅದನ್ನು ನಾನು ಒಪ್ಪೋದಿಲ್ಲ. ಖಡಕ್ ಆಗುವ ತನಕ ಸುಡಬೇಕಲ್ವಾ? ಉಳಿಯುವುದು ಸಮಯ. ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿಟ್ಟಿದ್ದರೆ ಪಲ್ಯ ಇಲ್ಲದ ದಿನವೂ ಊಟ ಆಗುತ್ತದೆ, ಹೊರಗಿನಿಂದ ತರಿಸುವ ಮಾತು ಬರುವುದಿಲ್ಲ. ಖಡಕ್ ರೊಟ್ಟಿಯ ದೊಡ್ಡ ಲಾಭ ಇದು.

ಹಳ್ಳಿಯಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಹೊಲದಲ್ಲೇ ಸಿಗುತ್ತದೆ. ಕಟ್ಟಿಗೆ ಒಲೆಯ ಮೇಲೆ ರೊಟ್ಟಿ ಮಾಡಿದರೆ ಗ್ಯಾಸಿನ ಖರ್ಚು ಪೂರ್ತಿ ಉಳಿಯಿತು. ಹೊಗೆ ಮಾತ್ರ ಒಳಗೆ ಕೂತವರ ಎದೆಗೆ ಹೋಗುತ್ತದೆ. ಹಿತ್ತಲಲ್ಲಿ ಬಯಲಿಗೆ ಒಲೆ ಹೂಡಲು ಜಾಗ ಇದ್ದರೆ ಮಾಡಿ, ಮುಚ್ಚಿದ ಅಡುಗೆಮನೆಯಲ್ಲಿ ಬೇಡ.

ಸಂತೆ, ಕಿರಾಣಿ, ಮಾರ್ಟ್

ಇದಕ್ಕೆ ಬಹಳ ಹೇಳಬೇಕಾದ್ದಿಲ್ಲ. ಕಾಯಿಪಲ್ಯೆಗೆ ಸಂತೆ. ಸಂಜೆ ಹೊತ್ತು ಮುಳುಗುವಾಗ ಹೋದರೆ ದರ ಇಳಿಯುತ್ತದೆ, ಆದರೆ ಒಳ್ಳೆಯ ಮಾಲು ಖಾಲಿ ಆಗಿರುತ್ತದೆ. ಅವತ್ತೇ ಅಡುಗೆ ಮಾಡುವ ಸೊಪ್ಪಿಗೆ ಸಂಜೆ ಸಂತೆ ಸರಿ, ವಾರ ಇಡುವ ಬದನೆಕಾಯಿಗೆ ಬೆಳಿಗ್ಗೆಯೇ ಹೋಗಿ.

ಹೋಗಿ ಬರುವ ಖರ್ಚು ಮರೆಯಬೇಡಿ. ಪೆಟ್ರೋಲ್ ಲೀಟರಿಗೆ ನೂರು ದಾಟಿದೆ. ಗಾಡಿ ಲೀಟರಿಗೆ 45 ಕಿಲೋಮೀಟರ್ ಕೊಟ್ಟರೂ, ಹೋಗಿ ಬರಲು 18 ಕಿಲೋಮೀಟರ್ ಆದರೆ 40 ರೂಪಾಯಿ ದಾರಿಯಲ್ಲೇ ಸುಟ್ಟಿತು. ಎರಡು ಕಿಲೋ ಉಳ್ಳಾಗಡ್ಡಿಗೆ ಅಷ್ಟು ದೂರ ಹೋಗುವುದು ಯಾಕೆ? ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಹಾಗಾಗಿ ಹಳ್ಳಿಯಿಂದ ದೊಡ್ಡ ಮಾರುಕಟ್ಟೆಗೆ ಹೋಗಿ ತರುವ ಲೆಕ್ಕ ಈಗ ಬದಲಾಗಿದೆ. ಬೆಳಗಾವಿ ಸುತ್ತಮುತ್ತಲಿನವರು ತಿಂಗಳ ಕಿರಾಣಿಗೆ ರವಿವಾರ ಪೇಟೆಯ ಸಗಟು ಅಂಗಡಿಗಳಿಗೆ ಹೋಗುವುದು ಇದಕ್ಕೇ. ಬಾಗಲಕೋಟೆಯಲ್ಲಿ ನವನಗರ ಒಂದು ಕಡೆ, ಹಳೆಯ ಊರು ಒಂದು ಕಡೆ. ಅಲ್ಲಿ ಆಟೋ ಹತ್ತಿದರೆ ಸಗಟು ದರದ ಲಾಭ ಹೋಯಿತು ಅಂತಲೇ ತಿಳಿಯಿರಿ.

ಮಾರ್ಟ್‌ನಲ್ಲಿ ಸಾಬೂನು, ಬಟ್ಟೆ ತೊಳೆಯುವ ಪುಡಿ ಅಗ್ಗ ಸಿಗುತ್ತವೆ. ಆದರೆ ಬೇಕಿಲ್ಲದ್ದೂ ಬುಟ್ಟಿಗೆ ಬೀಳುತ್ತದೆ. ಚೀಟಿ ಬರೆದುಕೊಂಡು ಹೋಗುವ ಶಿಸ್ತು ನಿಮಗಿದ್ದರೆ ಹೋಗಿ. ಮಕ್ಕಳನ್ನು ಕರೆದುಕೊಂಡು ಹೋಗುವವರು ಕಿರಾಣಿ ಅಂಗಡಿಯಲ್ಲೇ ಇರುವುದು ಒಳ್ಳೆಯದು.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಬಗ್ಗೆ ಒಂದು ಮಾತು. ಉದ್ರಿಗೆ ಬಡ್ಡಿ ಇಲ್ಲ ಅನಿಸುತ್ತದೆ. ಆದರೆ ಉದ್ರಿ ತರುವವರು ದರ ಕೇಳುವುದಿಲ್ಲ, ಹಾಕಿದ್ದನ್ನು ತರುತ್ತಾರೆ. ಶನಿವಾರ ಬಟವಾಡೆ ಆಗುವ ಮನೆಗಳಿಗೆ ವಾರದ ಸಂತೆಯೇ ಹೊಂದುತ್ತದೆ. ದುಡ್ಡು ಬಂದ ದಿನ ಕೊಂಡರೆ ಆಯಿತು, ವಾರದ ನಡುವೆ ಉದ್ರಿ ಬೀಳುವುದಿಲ್ಲ. ಹಾಗಂತ ಅಂಗಡಿಯವರ ಜೊತೆ ಪೂರ್ತಿ ವ್ಯವಹಾರ ಬಿಡಬೇಡಿ. ಕೆಲಸ ಇಲ್ಲದ ವಾರ ಅಕ್ಕಿ, ಬೇಳೆ ಕೊಡುವವರು ಅವರೇ, ಮಾರ್ಟ್‌ನವರಲ್ಲ.

ಕರೆಂಟು: ಉಳಿಸಿದರೆ ಉಳಿಯುತ್ತದಾ?

ಎಲ್ಲರೂ ತಪ್ಪು ತಿಳಿಯುವ ಜಾಗ ಇದು. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ 2022–23ರ ಸರಾಸರಿ ಬಳಕೆ, ಅದರ ಮೇಲೆ ಶೇ 10 (ಬಹಳ ಕಡಿಮೆ ಬಳಸುವ ಮನೆಗೆ 10 ಯೂನಿಟ್) ಸೇರಿಸಿ ಒಂದು ಮಿತಿ ಹಾಕಿದ್ದಾರೆ. ಆ ಮಿತಿಯೊಳಗೆ ಇದ್ದರೆ ಬಿಲ್ಲು ಸೊನ್ನೆ. ಮಿತಿ ದಾಟಿ 200 ಯೂನಿಟ್‌ನೊಳಗೆ ಇದ್ದರೆ ದಾಟಿದ್ದಕ್ಕೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ಲು ನಿಮ್ಮ ತಲೆಗೆ.

ಈಗ ಯೋಚಿಸಿ. ಸೊನ್ನೆ ಬಿಲ್ಲು ಬರುವ ಮನೆಯವರು ಮೂರು ಸಾವಿರ ಕೊಟ್ಟು ಕಡಿಮೆ ಕರೆಂಟು ಹಿಡಿಯುವ ಹೊಸ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಉಳಿಯುವ ರೂಪಾಯಿ ಎಷ್ಟು? ಏನೂ ಇಲ್ಲ. ಹಳೆಯ ಫ್ಯಾನ್ 75 ವ್ಯಾಟ್, ಇದು 30 ವ್ಯಾಟ್. ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 27 ಯೂನಿಟ್ ಬದಲು 11 ಯೂನಿಟ್. ಕರೆಂಟು ಉಳಿಯಿತು, ಒಳ್ಳೆಯ ಕೆಲಸವೇ. ಆದರೆ ನಿಮ್ಮ ಜೇಬಿಗೆ ಬರಲಿಲ್ಲ. ಇದೇ ಫ್ಯಾನ್ ಬೇಸಿಗೆಯಲ್ಲಿ 190, 210 ಅಂತ ಅಂಚಿನಲ್ಲಿ ಆಡುವ ಮನೆಗೆ ಬಂಗಾರ. ಯೂನಿಟ್‌ಗೆ 6 ರೂಪಾಯಿ ಹತ್ತಿರ ಇರುವಾಗ, ಹತ್ತು ಯೂನಿಟ್ ಹೆಚ್ಚಾದ್ದಕ್ಕೆ ಸಾವಿರದ ಮೇಲೆ ಕಟ್ಟುವುದು ತಪ್ಪುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಂಥ ಮನೆಯವರು ನಡುತಿಂಗಳಲ್ಲಿ ಒಮ್ಮೆ ಮೀಟರ್ ನೋಡಿ. ಇದಕ್ಕಿಂತ ಅಗ್ಗದ ಅಭ್ಯಾಸ ಇನ್ನೊಂದಿಲ್ಲ.

ಚಾವಣಿಯ ಸೌರ ವಿದ್ಯುತ್ತಿಗೂ ಇದೇ ಮಾತು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲಿನದಕ್ಕೆ 78,000 ರೂಪಾಯಿ ಸಹಾಯಧನ ಇದೆ. ತಿಂಗಳಿಗೆ ಸಾವಿರಾರು ರೂಪಾಯಿ ಬಿಲ್ಲು ಕಟ್ಟುವ ದೊಡ್ಡ ಮನೆಗೆ ಅದು ಲಾಭ. ಸೊನ್ನೆ ಬಿಲ್ಲಿನ ಮನೆಗೆ ಸದ್ಯಕ್ಕೆ ಅವಸರ ಇಲ್ಲ.

ಬೇಸಿಗೆಗೆ ಕೂಲರ್ ಅಥವಾ ಎಸಿ? ವಿಜಯಪುರ, ಬಾಗಲಕೋಟೆಯಲ್ಲಿ ಉತ್ತರ ಸರಳ. ಒಣ ಬಿಸಿಲಿಗೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. 200 ವ್ಯಾಟಿನ ಕೂಲರ್ ಎಂಟು ತಾಸು ನಡೆದರೂ ತಿಂಗಳಿಗೆ 48 ಯೂನಿಟ್. ಒಂದೂವರೆ ಟನ್ ಎಸಿ ಅಷ್ಟೇ ಹೊತ್ತು ನಡೆದರೆ ಅದೊಂದೇ ನಿಮ್ಮನ್ನು 200 ದಾಟಿಸಬಹುದು. ಕೂಲರ್‌ಗೆ ನೀರು ಬೇಕು, ಅದೇ ಅದರ ತೊಂದರೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವ ಓಣಿಯವರು ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಳಗಾವಿಯವರಿಗೆ ಎರಡೂ ಸುಮ್ನೆ ಖರ್ಚು, ಬಹಳ ಮನೆಗಳಿಗೆ ಫ್ಯಾನೇ ಸಾಕು.

ಬಿಸಿನೀರಿನ ವಿಷಯದಲ್ಲಿ ಊರು ಉಲ್ಟಾ ಆಗುತ್ತದೆ. ವಿಜಯಪುರದಲ್ಲಿ ಏಪ್ರಿಲ್ ಬಂತು ಅಂದರೆ ಮೇಲಿನ ಟ್ಯಾಂಕಿನ ನೀರೇ ಮೈ ಸುಡುತ್ತದೆ. ಬೆಳಗಾವಿಯಲ್ಲಿ ಮಳೆಗಾಲ, ಚಳಿಗಾಲ ಎರಡೂ ಬಿಸಿನೀರು ಬೇಕು. 20 ಲೀಟರಿನ ಒಂದು ಬಕೆಟ್ ಕಾಯಲು ಅರ್ಧದಿಂದ ಮುಕ್ಕಾಲು ಯೂನಿಟ್ ಹಿಡಿಯುತ್ತದೆ. ಐದು ಜನರಿಗೆ ತಿಂಗಳಿಗೆ 75ರಿಂದ 110 ಯೂನಿಟ್. ಇದನ್ನೇ ಗ್ಯಾಸ್ ಒಲೆಯ ಮೇಲೆ ಪಾತ್ರೆ ಇಟ್ಟು ಕಾಯಿಸಿದರೆ ತಿಂಗಳಿಗೆ ಹತ್ತಿರ ಹತ್ತಿರ ಒಂದು ಸಿಲಿಂಡರ್ ಬೇಕು. ಆದ್ದರಿಂದ ಒಲೆಯ ಮೇಲೆ ಕಾಯಿಸುವ ಅಭ್ಯಾಸ ಮೊದಲು ಬಿಡಿ. ಮಿತಿಯೊಳಗೆ ಯೂನಿಟ್ ಉಳಿದಿದ್ದರೆ ಗೀಸರ್ ಅಥವಾ ಕಾಯಿಲ್ ಸಾಕು. ಹಿತ್ತಲಿದ್ದು ಕಟ್ಟಿಗೆ ಪುಕ್ಕಟೆ ಸಿಗುವವರಿಗೆ ಹಂಡೆಯೇ ಲಾಭ. ಸೋಲಾರ್ ವಾಟರ್ ಹೀಟರ್ ಸ್ವಂತ ಮನೆ, ಐದಾರು ಜನ, ವಿಜಯಪುರದಂಥ ಬಿಸಿಲು ಇದ್ದರೆ ಸರಿ. ಬೆಳಗಾವಿಯ ಜುಲೈ ಮೋಡದಲ್ಲಿ ಅದು ಕೈ ಕೊಡುತ್ತದೆ, ಬಿಸಿನೀರು ಬಹಳ ಬೇಕಾಗುವುದೂ ಆಗಲೇ. ಬೋರಿನ ಗಡಸು ನೀರು ಇರುವ ಕಡೆ ಗೀಸರಿನ ಕಾಯಿಲಿಗೂ ಸೋಲಾರಿನ ಕೊಳವೆಗೂ ಸುಣ್ಣ ಕಟ್ಟುತ್ತದೆ, ತೆಗೆಸುವ ಖರ್ಚು ಬೇರೆ.

ಉಳಿದ ದುಡ್ಡು ಎಲ್ಲಿ ಇಡಬೇಕು

ಸಾಸಿವೆ ಡಬ್ಬಿಯಲ್ಲಿ ಇಟ್ಟ ದುಡ್ಡು ನಿಲ್ಲುವುದಿಲ್ಲ, ಅದು ಎಲ್ಲರಿಗೂ ಗೊತ್ತು. ನಮ್ಮ ಕಡೆ ಮುಖ್ಯವಾಗಿ ಮೂರು ದಾರಿ.

ಭಿಶಿ ಎಲ್ಲಕ್ಕಿಂತ ಸುಲಭ. ಅರ್ಜಿ ಇಲ್ಲ, ಸರತಿ ಸಾಲು ಇಲ್ಲ. ಕಂತು ತಪ್ಪಿದರೆ ಓಣಿಯಲ್ಲಿ ಮಾತು ಬರುತ್ತದೆ ಅನ್ನುವ ಭಯಕ್ಕೇ ದುಡ್ಡು ಸೇರುತ್ತದೆ. ಬಡ್ಡಿ ಬರುವುದಿಲ್ಲ. ಮೊದಲ ಪಾಳಿ ಎತ್ತಿಕೊಂಡವರು ಊರು ಬಿಟ್ಟರೆ ಕೇಳಲು ಕಾಗದವೂ ಇರುವುದಿಲ್ಲ. ಮುಖ ಪರಿಚಯದ ಹತ್ತು ಹನ್ನೆರಡು ಮನೆಯ ಭಿಶಿ ಸರಿ, ಯಾರೋ ನಡೆಸುವ ದೊಡ್ಡದು ಬೇಡ.

ಅಂಚೆ ಕಚೇರಿಯ ಆರ್‌ಡಿ (ತಿಂಗಳ ಕಂತಿನ ಠೇವಣಿ) ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು. ಅವಧಿ 5 ವರ್ಷ. 2023ರ ಅಕ್ಟೋಬರ್‌ನಲ್ಲಿ ಬಡ್ಡಿಯನ್ನು ಶೇ 6.7 ಮಾಡಿದರು. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಒಂದು ವರ್ಷ ತಪ್ಪದೆ ಕಟ್ಟಿದ ಮೇಲೆ ಕಟ್ಟಿದ್ದರ ಅರ್ಧದಷ್ಟು ಸಾಲವೂ ಸಿಗುತ್ತದೆ. ಮಗಳ ಕಾಲೇಜು, ಮನೆ ರಿಪೇರಿ ಅಂತ ದೂರದ ಕೆಲಸ ಇಟ್ಟುಕೊಂಡವರಿಗೆ ಇದೇ ಸರಿ.

ಪತ್ತಿನ ಸಹಕಾರಿ ಸಂಘಗಳು ಜಾಸ್ತಿ ಬಡ್ಡಿ ಹೇಳುತ್ತವೆ, ಪಿಗ್ಮಿ ಸಂಗ್ರಹಕ್ಕೆ ಮನೆ ಬಾಗಿಲಿಗೇ ಬರುತ್ತಾರೆ. ದಿನಗೂಲಿಯವರಿಗೆ ಅನುಕೂಲ. ಆದರೆ ಬ್ಯಾಂಕಿನ ಠೇವಣಿಗೆ ಇರುವ 5 ಲಕ್ಷದವರೆಗಿನ ವಿಮೆ ಈ ಸಂಘಗಳಿಗೆ ಇಲ್ಲ. ದಿನದ ಪಿಗ್ಮಿ ಕಟ್ಟಿ, ಸ್ವಲ್ಪ ಕೂಡಿದ ಕೂಡಲೇ ಬ್ಯಾಂಕಿಗೆ ಅಥವಾ ಅಂಚೆಗೆ ಸಾಗಿಸಿ.

ವರ್ಷದ ಜೋಳಕ್ಕೆ ದುಡ್ಡು ಕೂಡಿಸಬೇಕು ಅನ್ನುವವರಿಗೆ ಮಾತ್ರ ಭಿಶಿಯೇ ಹೊಂದುತ್ತದೆ. ಪಾಳಿಯನ್ನು ಮೊದಲೇ ಮಾತಾಡಿಕೊಳ್ಳುವ ಭಿಶಿ ಆದರೆ ಶಿವರಾತ್ರಿ ಹೊತ್ತಿನ ಪಾಳಿ ಕೇಳಿಕೊಳ್ಳಿ. ರಾಶಿ ಆಗುವ ಕಾಲಕ್ಕೆ ದುಡ್ಡು ಕೈಯಲ್ಲಿರುತ್ತದೆ, ಸಾಲ ಕೇಳಲು ಯಾರ ಮನೆಗೂ ಹೋಗಬೇಕಾಗಿಲ್ಲ.